ಲ್ಯಾಬ್ ನಾಯಿಗೆ ಯಾವ ಹಾಸಿಗೆ ಸರಿ? ಮೊಣಕೈ ಊದಿದೆ, ಆದರೂ ಅವನಿಗೆ ನೆಲವೇ ಬೇಕಂತೆ

ಬ್ರೂನೋ ಮನೆ, ಕ್ಯಾತ್ಸಂದ್ರ

ಎಲ್ಲರಿಗೂ ನಮಸ್ಕಾರ. ನಮ್ಮ ಬ್ರೂನೋ ಲ್ಯಾಬ್ರಡಾರ್, ಆರು ವರ್ಷ, 34 ಕೆಜಿ. ತೂಕ ಜಾಸ್ತಿ ಅಂತ ಗೊತ್ತು, ಅದಕ್ಕೆ ಬೈಯಬೇಡಿ, ಊಟ ಕಡಿಮೆ ಮಾಡಿದ್ದೇವೆ. ಮನೆ ಪೂರ್ತಿ ಗ್ರಾನೈಟ್ ನೆಲ. ಮುಂಗಾಲಿನ ಎರಡೂ ಮೊಣಕೈಯಲ್ಲಿ ಕೂದಲು ಉದುರಿ ಚರ್ಮ ಕಪ್ಪಗೆ, ಒರಟಾಗಿ ದಪ್ಪ ಆಗಿದೆ. ಈಗ ಎಡಗಡೆ ನಿಂಬೆಹಣ್ಣಿನಷ್ಟು ಊತ ಬಂದಿದೆ. ಒತ್ತಿದರೆ ಒಳಗೆ ನೀರು ಇದ್ದಂತೆ ಮೆತ್ತಗಿದೆ. ಕುಂಟುವುದಿಲ್ಲ, ಮುಟ್ಟಿದರೆ ಬೇಜಾರೂ ಇಲ್ಲ.

ಆನ್‌ಲೈನ್‌ನಲ್ಲಿ ತರಿಸಿದ ಒಂದು ದುಂಡನೆ ಹಾಸಿಗೆ ಇದೆ. ಸುತ್ತ ದಿಂಬಿನ ಅಂಚು, ನಡುವೆ ಫೈಬರ್ ಹತ್ತಿ. ಹೊಸದರಲ್ಲಿ ಉಬ್ಬಿಕೊಂಡು ಚೆನ್ನಾಗಿತ್ತು. ಈಗ ನಡುವೆ ಕೈ ಇಟ್ಟರೆ ನೆಲ ಸಿಗುತ್ತದೆ. ಅವನು ಅಂಚಿನ ಮೇಲೆ ತಲೆ ಮಾತ್ರ ಇಟ್ಟುಕೊಂಡು ಮೈಯೆಲ್ಲ ನೆಲಕ್ಕೆ ಚೆಲ್ಲುತ್ತಾನೆ. ಮಧ್ಯಾಹ್ನ ಆದರೆ ಅದೂ ಇಲ್ಲ, ಬಚ್ಚಲುಮನೆ ಬಾಗಿಲಿಗೆ ಹೋಗಿಬಿಡುತ್ತಾನೆ.

ನಮ್ಮ ಮನೆಯವರು 'ಆರ್ಥೋಪೆಡಿಕ್' ಅಂತ ಬರೆದಿರುವ ಆರು ಸಾವಿರದ ಹಾಸಿಗೆ ನೋಡಿಟ್ಟಿದ್ದಾರೆ. ತಗೊಳ್ಳಬಹುದಾ? ಇಲ್ಲಾ ತುಮಕೂರಿನಲ್ಲೇ ಹೊಲಿಸಬಹುದಾ? ಹೊಲಿಸುವುದಾದರೆ ಎಷ್ಟು ಉದ್ದ, ಎಷ್ಟು ದಪ್ಪ, ಒಳಗೆ ಏನು ಹಾಕಿಸಬೇಕು?

ಮಧುಗಿರಿ ಬೆಟ್ಟದ ಕೆಳಗೆ

ಆರು ಸಾವಿರ! ನಾನು ಮಲಗುವ ಹಾಸಿಗೆಗೂ ಅಷ್ಟು ಕೊಟ್ಟಿಲ್ಲ ಸಾರ್. ನಮ್ಮೂರಿನ ನಾಯಿಗಳು ಒಲೆ ಬೂದಿ ಸುರಿಯುವ ಜಾಗದಲ್ಲಿ ಗುಂಡಿ ತೋಡಿಕೊಂಡು ಮಲಗುತ್ತವೆ. ಯಾವುದಕ್ಕೂ ಮೊಣಕೈ ಊದಿದ್ದು ನಾನು ನೋಡಿಲ್ಲ. ಒಂದು ಗೋಣಿಚೀಲ ಹಾಕಿ, ಸಾಕು.

ಪಶುವೈದ್ಯೆ, ಕೋಲಾರ

ಮಧುಗಿರಿಯವರೇ, ನೀವು ಹೇಳಿದ ಮಾತಿನಲ್ಲೇ ಉತ್ತರ ಇದೆ. ಬೂದಿ, ಸಡಿಲ ಮಣ್ಣು, ಮರಳು ಇವೆಲ್ಲ ಮೈಗೆ ತಕ್ಕಂತೆ ತಗ್ಗುತ್ತವೆ. ಮೂಳೆ ಊರುವ ಕಡೆ ಗುಂಡಿ ಬಿದ್ದು ಭಾರ ಮೈಗೆಲ್ಲ ಹಂಚಿಹೋಗುತ್ತದೆ. ನಿಮ್ಮೂರಿನ ನಾಯಿ ಹೆಚ್ಚೆಂದರೆ 15-18 ಕೆಜಿ ಇರುತ್ತದೆ. ಬ್ರೂನೋ ಅದರ ಎರಡರಷ್ಟು. ಗ್ರಾನೈಟ್ ಒಂದು ಕೂದಲೆಳೆಯಷ್ಟೂ ತಗ್ಗುವುದಿಲ್ಲ. ದೊಡ್ಡ ನಾಯಿಗಳು ಮಲಗುವಾಗ ನಿಧಾನಕ್ಕೆ ಇಳಿಯುವುದಿಲ್ಲ, ಧೊಪ್ಪನೆ ಬೀಳುತ್ತವೆ. ಮೊದಲು ನೆಲಕ್ಕೆ ತಾಗುವುದು ಮೊಣಕೈ.

ಕ್ಯಾತ್ಸಂದ್ರದವರಿಗೆ: ಕಪ್ಪಗೆ ದಪ್ಪ ಆಗಿರುವುದು ಜಡ್ಡುಗಟ್ಟಿದ ಚರ್ಮ. ಬಿರುಕು ಬಿಟ್ಟು ಕೀವಾಗದಿದ್ದರೆ ಅದರಿಂದ ತೊಂದರೆ ಇಲ್ಲ. ಮೆತ್ತನೆ ಊತ ನೀವು ಬರೆದ ಪ್ರಕಾರ ಹೈಗ್ರೋಮಾ ಇರಬಹುದು. ಒಂದೇ ಜಾಗಕ್ಕೆ ಪದೇ ಪದೇ ಪೆಟ್ಟು ಬಿದ್ದು ಚರ್ಮದ ಕೆಳಗೆ ನೀರು ತುಂಬಿದ ಚೀಲ ಆಗುವುದು. ಆದರೆ ಕೈಯಿಟ್ಟು ನೋಡಿದವರೇ ಅದನ್ನು ಖಚಿತ ಮಾಡಬೇಕು. ಒಮ್ಮೆ ಅಲ್ಲೇ ತೋರಿಸಿ. ಮನೆಯಲ್ಲಿ ಸೂಜಿ ಚುಚ್ಚಿ ನೀರು ತೆಗೆಯಲು ಮಾತ್ರ ಹೋಗಬೇಡಿ. ಸೋಂಕು ಒಳಗೆ ಹೋಗುತ್ತದೆ, ನೀರು ಹೇಗೂ ಮತ್ತೆ ತುಂಬುತ್ತದೆ. ಸಣ್ಣದಿದ್ದಾಗಲೇ ಮೆತ್ತನೆ ಹಾಸಿಗೆ ಕೊಟ್ಟರೆ ಎಷ್ಟೋ ನಾಯಿಗಳಲ್ಲಿ ತಾನಾಗಿ ಇಳಿಯುತ್ತದೆ, ವಾರಗಟ್ಟಲೆ ಹಿಡಿಯುತ್ತದೆ ಅಷ್ಟೆ. ಬಿಸಿಯಾದರೆ, ಕೆಂಪಾದರೆ, ನೋವು ಶುರುವಾದರೆ ಕಾಯಬೇಡಿ.

ಇನ್ನು 'ಆರ್ಥೋಪೆಡಿಕ್' ವಿಷಯ. ನಾಯಿ ಹಾಸಿಗೆಯ ಮೇಲೆ ಆ ಪದ ಯಾರು ಬೇಕಾದರೂ ಬರೆಯಬಹುದು. ಪದ ಬಿಡಿ, ಒಳಗಿನ ಮಾಲು ಯಾವುದು ಅಂತ ಕೇಳಿ.

ಫೋಮ್ ವ್ಯಾಪಾರ, ತುಮಕೂರು

ಮೇಡಂ ಸರಿಯಾಗಿ ಹೇಳಿದರು. ನಾನು ಸೋಫಾ, ಹಾಸಿಗೆಗೆ ಫೋಮ್ ಕತ್ತರಿಸಿ ಕೊಡುವವನು. ವ್ಯಾಪಾರದ ಒಳಗುಟ್ಟು ಒಂದು ಹೇಳುತ್ತೇನೆ, ನಮ್ಮವರು ಬೈದುಕೊಳ್ಳಲಿ.

ಅಂಗಡಿಗೆ ಬಂದವರು 'ಡೆನ್ಸಿಟಿ ಎಷ್ಟು' ಅಂತ ಕೇಳುತ್ತಾರೆ. ನಾವು ಒಂದು ನಂಬರ್ ಹೇಳುತ್ತೇವೆ. ಅವರು ತಲೆ ಆಡಿಸುತ್ತಾರೆ. ಆ ನಂಬರ್ ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತದೆ ಅನ್ನುವುದು, ಬೇರೇನೂ ಅಲ್ಲ. ಹಾಗಾಗಿ ಟೇಪು, ತಕ್ಕಡಿ ಎರಡು ಇದ್ದರೆ ಯಾರೂ ನಿಮಗೆ ಟೋಪಿ ಹಾಕಲಾರರು. ಮೂರೂವರೆ ಅಡಿ ಉದ್ದ, ಎರಡೂವರೆ ಅಡಿ ಅಗಲ, 4 ಇಂಚು ದಪ್ಪದ ತುಂಡು 40 ಡೆನ್ಸಿಟಿ ಆದರೆ ಸುಮಾರು 3.3 ಕೆಜಿ ಬರಬೇಕು. 32 ಆದರೆ 2.6 ಕೆಜಿ. ಒಂದೂವರೆ ಕೆಜಿ ತೋರಿಸಿದರೆ ಅದು 18ರ ಮಾಲು. ಅದರ ಮೇಲೆ 34 ಕೆಜಿ ನಾಯಿ ಮಲಗಿದರೆ ಬೇಗ ಚಪ್ಪಟೆ ಆಗುತ್ತದೆ.

ಇನ್ನೊಂದು. ಡೆನ್ಸಿಟಿ ಬೇರೆ, ಗಟ್ಟಿತನ ಬೇರೆ. 40ರಲ್ಲೂ ಮೆತ್ತನೆಯದು ಸಿಗುತ್ತದೆ, ಗಟ್ಟಿಯದೂ ಸಿಗುತ್ತದೆ. ಡೆನ್ಸಿಟಿ ಹೇಳುವುದು ಬಾಳಿಕೆಯನ್ನು. ಗಟ್ಟಿತನಕ್ಕೆ ಮುಷ್ಟಿ ಊರಿ ಮೈಭಾರ ಬಿಟ್ಟು ನೋಡಿ. ಗೆಣ್ಣಿಗೆ ಕೆಳಗಿನ ಮೇಜು ತಾಗಿದರೆ ಬೇಡ.

ಬ್ರೂನೋ ತೂಕಕ್ಕೆ ನಾನಾದರೆ ಎರಡು ಪದರ ಹಾಕುತ್ತೇನೆ. ಕೆಳಗೆ 2 ಇಂಚು ರೀಬಾಂಡೆಡ್. ಚೂರು ಫೋಮ್ ಒತ್ತಿ ಮಾಡಿರುತ್ತಾರಲ್ಲ, ಬಣ್ಣಬಣ್ಣದ್ದು, ಅದು. ಅಲುಗಾಡುವುದಿಲ್ಲ, ಕುಸಿಯುವುದಿಲ್ಲ. ಮೇಲೆ 2 ಇಂಚು 40 ಡೆನ್ಸಿಟಿ, ಮೆತ್ತನೆಯದು. ಎರಡನ್ನೂ ಫೋಮ್ ಗಮ್‌ನಲ್ಲಿ ಅಂಟಿಸಿ ಒಂದೆರಡು ದಿನ ಗಾಳಿಗೆ ಇಟ್ಟು, ವಾಸನೆ ಹೋದ ಮೇಲೆ ಕವರ್ ಹಾಕಿ. ನಾಯಿ ಮೂಗು ನಮ್ಮ ಮೂಗಲ್ಲ. ಗಮ್ ವಾಸನೆ ಇದ್ದರೆ ಹತ್ತಿರವೂ ಬರುವುದಿಲ್ಲ, ಆಮೇಲೆ ನೀವು ಹಾಸಿಗೆಯನ್ನು ಬೈಯುತ್ತೀರಿ.

ಬ್ರೂನೋ ಮನೆ, ಕ್ಯಾತ್ಸಂದ್ರ

ಅಣ್ಣ, ತುಂಬಾ ಥ್ಯಾಂಕ್ಸ್. ಮೂರೂವರೆ ಅಡಿ ಅಂತ ಹೇಳಿದ್ದು ಉದಾಹರಣೆಗಾ ಅಥವಾ ಲ್ಯಾಬ್‌ಗೆ ಅದೇ ಅಳತೆನಾ?

ಪಶುವೈದ್ಯೆ, ಕೋಲಾರ

ತಳಿ ನೋಡಿ ಅಳತೆ ಹೇಳಬಾರದು. ಅವನು ಪೂರ್ತಿ ಚಾಚಿಕೊಂಡು ಮಲಗಿರುವಾಗ ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಟೇಪು ಹಿಡಿಯಿರಿ. ಬಾಲ ಲೆಕ್ಕಕ್ಕಿಲ್ಲ. ಬಂದ ಅಳತೆಗೆ 15ರಿಂದ 20 ಸೆಂ.ಮೀ. ಸೇರಿಸಿ. ಅಗಲಕ್ಕೆ ಪಕ್ಕಕ್ಕೆ ಮಲಗಿದಾಗ ಬೆನ್ನಿನಿಂದ ಪಾದದವರೆಗೆ ಅಳೆಯಿರಿ. ಮುದುರಿಕೊಂಡಾಗ ಅಳೆದರೆ ಚಳಿಗಾಲದ ನಾಯಿಗೆ ಮಾತ್ರ ಹಾಸಿಗೆ ಆಗುತ್ತದೆ. ಬೇಸಿಗೆಯಲ್ಲಿ ಕಾಲು ಹೊರಗೆ, ಮೊಣಕೈ ಮತ್ತೆ ಗ್ರಾನೈಟ್ ಮೇಲೆ.

ಅವನು ಅಂಚಿನ ಮೇಲೆ ತಲೆ ಇಡುತ್ತಾನೆ ಅಂದಿರಿ. ತಲೆಗೆ ಎತ್ತರ ಅವನಿಗೆ ಇಷ್ಟ ಅಂತ ಅರ್ಥ. ಒಂದು ಕಡೆ ಮಾತ್ರ ದಿಂಬು ಕೊಡಿಸಿ, ಉಳಿದ ಮೂರು ಕಡೆ ಬಯಲಾಗಿರಲಿ. ಸುತ್ತಲೂ ಅಂಚಿರುವ ದುಂಡು ಹಾಸಿಗೆ ಮುದುರಿ ಮಲಗುವ ಸಣ್ಣ ನಾಯಿಗೆ ಚೆನ್ನ. ಚಾಚಿ ಮಲಗುವ ಲ್ಯಾಬ್‌ಗೆ ಅಲ್ಲ.

ಮುಧೋಳ ಸಾಕಿದವನು, ಶಿರಾ

ನಡುವೆ ಬಾಯಿ ಹಾಕುತ್ತಿದ್ದೇನೆ. ಮಧುಗಿರಿಯವರು ನಾಡತಳಿಗೆ ಹಾಸಿಗೆ ಬೇಡ ಅನ್ನುವ ಹಾಗೆ ಮಾತಾಡಿದರು. ನಮ್ಮ ಮುಧೋಳವೂ ನಾಡತಳಿನೇ, 2005ರಲ್ಲಿ ಅಂಚೆ ಚೀಟಿ ಮೇಲೆ ಬಂದ ತಳಿ. ಅದಕ್ಕೆ ಬ್ರೂನೋಗಿಂತ ಜಾಸ್ತಿ ಹಾಸಿಗೆ ಬೇಕು. ಮೈಯಲ್ಲಿ ಕೊಬ್ಬು ಅನ್ನುವುದೇ ಇಲ್ಲ, ಚರ್ಮ ತೆಳು, ಸೊಂಟದ ಮೂಳೆ ಎದ್ದು ಕಾಣುತ್ತದೆ. ಬರಿ ನೆಲದ ಮೇಲೆ ಬಿಟ್ಟರೆ ಮೊಣಕೈ, ಹಿಂಗಾಲಿನ ಕೀಲು ಎಲ್ಲ ಕಡೆ ಹುಣ್ಣು. ನಾನು 4 ಇಂಚು ಫೋಮ್ ಮೇಲೆ ಹತ್ತಿ ಹಾಸಿಗೆ ಹಾಕಿದ್ದೇನೆ. ಚಳಿಗೆ ಕುರಿ ಕಂಬಳಿ ಹೊದಿಸಿದರೆ ಬೆಳಗಿನವರೆಗೆ ಮಿಸುಕಾಡುವುದಿಲ್ಲ.

ಬಾಡಿಗೆ ಮನೆ, ಎಸ್.ಎಸ್. ಪುರಂ

ನನ್ನದು ಬೀದಿಯಿಂದ ತಂದ ಮರಿ, ನಾಲ್ಕು ತಿಂಗಳು. ಎಲ್ಲರೂ 40 ಡೆನ್ಸಿಟಿ ಅನ್ನುತ್ತಿದ್ದೀರಿ, ನಮ್ಮವಳು ಯಾವ ಡೆನ್ಸಿಟಿ ಆದರೂ ತಿನ್ನುತ್ತಾಳೆ. ದಿಂಬು ಒಂದನ್ನು ಹರಿದು ಹಾಲ್ ಪೂರ್ತಿ ಹತ್ತಿ ಹರಡಿದ್ದಳು. ಮರಿಗೆ ಏನು ಹಾಕುವುದು? ಸ್ನೇಹಿತ ಒಬ್ಬ ಜೆಲ್ ಮ್ಯಾಟ್ ತಗೋ, ಬೇಸಿಗೆಗೆ ತಂಪು ಅಂತ ಹೇಳಿದ.

ಪಶುವೈದ್ಯೆ, ಕೋಲಾರ

ಹಲ್ಲು ಬದಲಾಗುವ ವಯಸ್ಸು. ಆರೇಳು ತಿಂಗಳು ದಾಟುವವರೆಗೆ ದುಡ್ಡು ಕೊಟ್ಟು ಹಾಸಿಗೆ ತರಬೇಡಿ. ಫೋಮ್ ತುಂಡು ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ, ಕೆಲವು ಸಲ ಹೊಟ್ಟೆ ಕೊಯ್ದೇ ತೆಗೆಯಬೇಕು. ಉದ್ದ ದಾರ, ಟವೆಲ್ ಅಂಚಿನ ಎಳೆ ಇನ್ನೂ ಅಪಾಯ, ಕರುಳನ್ನು ನೆರಿಗೆ ಮಾಡಿ ಕೊಯ್ಯುತ್ತದೆ. ಜೆಲ್ ಮ್ಯಾಟ್ ಕಚ್ಚುವ ಮರಿಗೆ ಬೇಡವೇ ಬೇಡ.

ನಮ್ಮ ಕೋಲಾರದಲ್ಲಿ ಇದಕ್ಕೆ ಸುಲಭ ದಾರಿ ಇದೆ, ಟೊಮೇಟೊ ಕ್ರೇಟ್. ಮಾರ್ಕೆಟ್‌ನಲ್ಲಿ ಹಳೆಯದು ಸಿಗುತ್ತದೆ. ಚೆನ್ನಾಗಿ ತೊಳೆಯಿರಿ, ತೋಟದ ಔಷಧಿ ಅಂಟಿರುತ್ತದೆ. ಒಂದು ಪಕ್ಕ ಕತ್ತರಿಸಿ ಅಂಚು ಉಜ್ಜಿ ನುಣುಪು ಮಾಡಿ. ಒಳಗೆ ಹಳೇ ಬೆಡ್‌ಶೀಟ್ ನಾಲ್ಕು ಮಡಿಕೆ. ಅಂಚು ಬಿಚ್ಚಿಕೊಂಡಿದ್ದರೆ ಹೊಲಿಗೆ ಹಾಕಿಸಿ. ಸುತ್ತ ಗೋಡೆ ಇರುವುದರಿಂದ ಮರಿಗೆ ಬೆಚ್ಚಗೆ, ಧೈರ್ಯ. ಕೊಳೆಯಾದರೆ ಪೈಪ್ ಹಿಡಿದು ತೊಳೆದು ಬಿಸಿಲಿಗೆ ಇಟ್ಟರೆ ಆಯಿತು. ಬೆಳೆದು ಕ್ರೇಟ್ ಸಾಲದಾದಾಗ ಕಚ್ಚುವ ಚಟವೂ ಕಡಿಮೆ ಆಗಿರುತ್ತದೆ.

ಹುಟ್ಟಿದ ಮರಿಗಳ ಲೆಕ್ಕ ಬೇರೆ. ಮೊದಲ ಎರಡು ವಾರ ಅವುಗಳಿಗೆ ತಮ್ಮ ಮೈ ಬಿಸಿ ತಾವು ಕಾಪಾಡಿಕೊಳ್ಳಲು ಬರುವುದಿಲ್ಲ. ಮೊದಲ ವಾರ ಮಲಗುವ ಜಾಗ 29ರಿಂದ 32 ಡಿಗ್ರಿ ಇರಬೇಕು. ಅಲ್ಲಿ ದಪ್ಪ ಮೆತ್ತೆ ಹಾಕಿದರೆ ಮಡಿಕೆಯಲ್ಲಿ ಮರಿ ಸಿಕ್ಕಿಕೊಂಡು ತಾಯಿಯ ಮೈ ಕೆಳಗೆ ಹೋಗುತ್ತದೆ. ತೆಳ್ಳಗೆ, ಸಮವಾಗಿ ಹಾಸಿ.

ತೋಟದ ಮನೆ, ಗೌರಿಬಿದನೂರು

ಎಲ್ಲರೂ ಫೋಮ್ ಹಿಂದೆ ಬಿದ್ದಿದ್ದೀರಿ. ನಮ್ಮ ನಾಯಿಗಳು ಜಗಲಿಯಲ್ಲಿ ಇರುತ್ತವೆ. ಒಂದು ಮಳೆ ಬಿದ್ದರೆ ಫೋಮ್ ನೀರು ಕುಡಿದು ವಾರ ಒಣಗುವುದಿಲ್ಲ, ಆಮೇಲೆ ನಾತ. ನಾನು ನೀಲಗಿರಿ ಗಳದಲ್ಲಿ ಸಣ್ಣ ಮಂಚ ಮಾಡಿ ನವಾರು ಹೆಣೆದಿದ್ದೇನೆ. ನೆಲದಿಂದ ಎಂಟು ಇಂಚು ಎತ್ತರ. ಕೆಳಗೆ ಗಾಳಿ ಆಡುತ್ತದೆ, ಬೇಸಿಗೆಯಲ್ಲಿ ತಂಪು. ಮಳೆಗಾಲದಲ್ಲಿ ನೀರು ತಾಗುವುದಿಲ್ಲ. ನಮ್ಮ ಕಡೆ ನೀಲಗಿರಿ, ಸರ್ವೆ ಗಳಕ್ಕೆ ಏನೂ ಬರ ಇಲ್ಲ.

ಬ್ರೂನೋ ಬಚ್ಚಲು ಬಾಗಿಲಿಗೆ ಹೋಗುವುದು ಸೆಕೆಗೆ. ಅವನಿಗೆ 4 ಇಂಚು ಫೋಮ್ ಕೊಟ್ಟರೆ ಮಧ್ಯಾಹ್ನ ಇನ್ನೂ ಸೆಕೆ. ಮತ್ತೆ ಎದ್ದು ಹೋಗುತ್ತಾನೆ ನೋಡುತ್ತಿರಿ.

ಬ್ರೂನೋ ಮನೆ, ಕ್ಯಾತ್ಸಂದ್ರ

ಅದೇ ನನ್ನ ಭಯ. ಮೆಮೊರಿ ಫೋಮ್ ಆದರೆ ತಂಪು ಅಂತ ಒಂದು ಜಾಹೀರಾತಿನಲ್ಲಿ ನೋಡಿದೆ?

ಫೋಮ್ ವ್ಯಾಪಾರ, ತುಮಕೂರು

ಉಲ್ಟಾ. ಮೆಮೊರಿ ಫೋಮ್ ಮೈ ಬಿಸಿಗೇ ಮೆತ್ತಗಾಗಿ ತಗ್ಗುವ ಮಾಲು. ಆ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಜೆಲ್ ಹಚ್ಚಿದ್ದು ಮಲಗಿದ ಹೊಸದರಲ್ಲಿ ತಂಪು ಅನಿಸುತ್ತದೆ, ಸ್ವಲ್ಪ ಹೊತ್ತಿಗೆ ಅದೂ ಬಿಸಿ. ಒತ್ತಡ ಹಂಚುವುದರಲ್ಲಿ ಮಾತ್ರ ಒಳ್ಳೆಯದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಂಟಿಯಾಗಿ ಹಾಕಬಾರದು, ಕೆಳಗೆ ಗಟ್ಟಿ ಫೋಮ್ ಇರಬೇಕು.

ಪಶುವೈದ್ಯೆ, ಕೋಲಾರ

ಗೌರಿಬಿದನೂರಿನವರ ಮಾತು ಒಪ್ಪಿದೆ, ಪೂರ್ತಿ ಅಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಅಂಗಾಲಿನಲ್ಲಿ ಅಲ್ಪಸ್ವಲ್ಪ ಅಷ್ಟೆ. ಏದುಸಿರು ಬಿಟ್ಟು, ಹೊಟ್ಟೆಯನ್ನು ತಂಪು ನೆಲಕ್ಕೆ ಒತ್ತಿ ಬಿಸಿ ಇಳಿಸಿಕೊಳ್ಳುತ್ತದೆ. ಸೆಕೆಯಲ್ಲಿ ನೆಲ ಹುಡುಕುವ ನಾಯಿಯನ್ನು ಹಾಸಿಗೆ ಮೇಲೆ ಬಲವಂತವಾಗಿ ಕೂರಿಸಬೇಡಿ. ಅದಕ್ಕೇ ಒಂದೇ ಹಾಸಿಗೆ ವರ್ಷಪೂರ್ತಿ ಆಗಬೇಕು ಅನ್ನುವ ಹಟ ಬಿಡಿ. ಹಗಲಿಗೆ, ಬೇಸಿಗೆಗೆ ನವಾರು ಮಂಚ ಬಚ್ಚಲುಮನೆ ಬಾಗಿಲ ಹತ್ತಿರವೇ ಇಡಿ. ರಾತ್ರಿಗೆ ಫೋಮ್. ಮೊಣಕೈಗೆ ಎರಡೂ ಸರಿ, ಯಾಕಂದರೆ ಬಿಗಿ ನವಾರಿನ ಮೇಲೆ ಮೂಳೆಗೆ ಗಟ್ಟಿ ನೆಲ ತಾಗುವುದಿಲ್ಲ.

ಮಂಚಕ್ಕೆ ಎರಡು ಎಚ್ಚರಿಕೆ. ನವಾರು ಜೋತುಬೀಳಬಾರದು, ತೊಟ್ಟಿಲ ಹಾಗೆ ಆದರೆ ಸೊಂಟಕ್ಕೆ ಕೆಟ್ಟದ್ದು. ಹಗ್ಗದ ಹೆಣಿಗೆ ಅಗಲ ಇದ್ದರೆ ಉಗುರು, ಬೆರಳು ಸಿಕ್ಕಿಕೊಳ್ಳುತ್ತದೆ, ಪಟ್ಟಿ ನವಾರೇ ಒಳ್ಳೆಯದು. ಕೀಲುನೋವು ಇರುವ ಮುದಿ ನಾಯಿಗೆ ಮಂಚ ಬೇಡ, ಹತ್ತಲು ಆಗುವುದಿಲ್ಲ.

ತಿಪಟೂರು ನಾರು

ನವಾರು, ಫೋಮ್ ಆಯಿತು. ತೆಂಗಿನ ಸೀಮೆಯವರು ನಾರನ್ನು ಮರೆತುಬಿಟ್ಟಿರಲ್ಲ! ರಬ್ಬರ್ ಹಾಲು ಹಾಕಿ ಒತ್ತಿದ ನಾರಿನ ಹಾಸಿಗೆ ತುಂಡು ಹಾಸಿಗೆ ಅಂಗಡಿಯಲ್ಲಿ ಉಳಿಕೆ ಮಾಲು ಅಂತ ಅಗ್ಗಕ್ಕೆ ಸಿಗುತ್ತದೆ. ಒಳಗೆಲ್ಲ ಸಂದು, ಗಾಳಿ ಆಡುತ್ತದೆ, ಫೋಮಿನಷ್ಟು ಬಿಸಿ ಇಲ್ಲ. ಒಂಟಿಯಾಗಿ ಗಟ್ಟಿ ಆಯಿತು ಅಂದರೆ ರೀಬಾಂಡೆಡ್ ಬದಲು ಕೆಳಗೆ ಇದನ್ನು ಹಾಕಿ, ಮೇಲೆ 2 ಇಂಚು ಫೋಮ್.

ಒತ್ತದೆ ಇರುವ ಸಡಿಲ ನಾರು ಚೀಲಕ್ಕೆ ತುಂಬಿ ಹಾಸಬೇಡಿ. ಚುಚ್ಚುತ್ತದೆ, ಪುಡಿ ಉದುರುತ್ತದೆ, ನೆನೆದರೆ ಬೂಷ್ಟು ಹಿಡಿಯುತ್ತದೆ.

ರೇಷ್ಮೆಗೂಡು, ಶಿಡ್ಲಘಟ್ಟ

ನಮ್ಮ ಕಷ್ಟ ಬೇರೆ ಥರ. ಮನೆಯ ಒಂದು ಕಡೆ ರೇಷ್ಮೆ ಹುಳು ಸಾಕಾಣಿಕೆ. ಉಣ್ಣಿಗೆ ಅಂತ ಹಾಸಿಗೆಗೆ, ಗೋಡೆಗೆ ಯಾವ ಔಷಧಿಯನ್ನೂ ಹೊಡೆಯುವ ಹಾಗಿಲ್ಲ. ಗಾಳಿಯಲ್ಲಿ ಸ್ವಲ್ಪ ಬಂದರೂ ಹುಳು ಸಾಯುತ್ತವೆ, ಒಂದು ಬೆಳೆಯೇ ಹೋಗುತ್ತದೆ. ಹಳೇ ಚಂದ್ರಿಕೆ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ) ಮುರಿದು ನಾಯಿಗೆ ಹಾಸಿದರೆ ಆಗುತ್ತಾ ಅಂತ ನಮ್ಮ ತಾತ ಕೇಳುತ್ತಾರೆ. ಬಿದಿರಿನ ಸಿಬಿರು ಚುಚ್ಚುತ್ತದೆ ಅಂತ ನಾನು ಬೇಡ ಅಂದೆ. ಉಣ್ಣಿ ಸೇರದ ಹಾಸಿಗೆ ಅಂತ ಏನಾದರೂ ಇದೆಯಾ?

ಪಶುವೈದ್ಯೆ, ಕೋಲಾರ

ಉಣ್ಣಿ ಸೇರಲೇಬಾರದ ಹಾಸಿಗೆ ಇಲ್ಲ. ಅಡಗಲು ಜಾಗ ಕಡಿಮೆ ಇರುವ ಹಾಸಿಗೆ ಇದೆ. ನಾಯಿಯ ಕಂದು ಉಣ್ಣಿ ಬದುಕಿನ ಬಹುಪಾಲು ಕಳೆಯುವುದು ನಾಯಿ ಮೈ ಮೇಲೆ ಅಲ್ಲ. ರಕ್ತ ಕುಡಿದು ಕೆಳಗೆ ಬೀಳುತ್ತದೆ, ಸಂದಿಗೆ ಹೋಗಿ ಪೊರೆ ಬಿಡುತ್ತದೆ, ಮತ್ತೆ ಹತ್ತುತ್ತದೆ. ಹೆಣ್ಣು ಉಣ್ಣಿ ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಹೊಟ್ಟೆಗಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ಹಾಸಿಗೆಯಲ್ಲಿ ನೀವು ನೋಡಬೇಕಾದ್ದು ನಡುಭಾಗ ಅಲ್ಲ. ಅಂಚಿನ ಪೈಪಿಂಗ್, ಜಿಪ್ ಪಟ್ಟಿ, ಗುಂಡಿ ಹೊಲಿದ ತಗ್ಗು, ದಿಂಬು ಸೇರುವ ಮೂಲೆ. ಹಾಗಾಗಿ ಪೈಪಿಂಗ್, ಗುಂಡಿ, ಜಾಲರಿ ಏನೂ ಇಲ್ಲದ ಸಪಾಟು ಕವರ್ ಹೊಲಿಸಿ. ಗೋಡೆಗೆ ತಾಗಿಸದೆ ಒಂದು ಗೇಣು ದೂರ ಇಡಿ, ಉಣ್ಣಿ ಗೋಡೆ ಹತ್ತುತ್ತದೆ.

ನಿಮಗೆ ಸ್ಪ್ರೇ ಆಗುವುದಿಲ್ಲ, ಅದು ಸರಿ. ಬಾಯಿಗೆ ಕೊಡುವ ಉಣ್ಣಿ ಮಾತ್ರೆ ಇದೆ, ತೂಕ ನೋಡಿ ನಿಮ್ಮ ಡಾಕ್ಟರ್ ಬರೆದುಕೊಡುತ್ತಾರೆ. ರಕ್ತ ಕುಡಿದ ಉಣ್ಣಿ ಸಾಯುತ್ತದೆ. ಹಾಗಂತ ನಾಯಿಯನ್ನು ಹುಳುಮನೆ ಒಳಗೆ ಬಿಡಬೇಡಿ. ಕವರ್ ಅನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ತೊಳೆಯಿರಿ. ಚಿಗಟದ ಮೊಟ್ಟೆ, ಮರಿಗೂ ಇದೇ ಮದ್ದು, ಯಾಕಂದರೆ ಅವು ಮೈಯಿಂದ ಉದುರಿ ಬೆಳೆಯುವುದು ಹಾಸಿಗೆಯಲ್ಲೇ. ಊಟ ಬಿಟ್ಟು ಜ್ವರ ಬಂದರೆ, ಒಸಡು ಬಿಳಿಚಿದರೆ, ಮೂಗಿನಲ್ಲಿ ರಕ್ತ ಬಂದರೆ ಉಣ್ಣಿ ಜ್ವರ ಇರಬಹುದು. ಅದೇ ದಿನ ತೋರಿಸಿ.

ಎಲ್ಲರಿಗೂ ಒಂದು ಮಾತು. ಹಾಸಿಗೆ ಒಳಗೆ ನುಸಿಗುಳಿಗೆ ಇಡುವ ಅಭ್ಯಾಸ ಕೆಲವರಿಗಿದೆ. ನ್ಯಾಫ್ತಲಿನ್ ಗುಳಿಗೆ ನಾಯಿಗೆ ವಿಷ. ಇರುವೆಗೆ ಅಂತ ಹಾಸಿಗೆ ಸುತ್ತ ಔಷಧಿ ಸೀಮೆಸುಣ್ಣದ ಗೆರೆ ಎಳೆಯುವುದೂ ಬೇಡ. ತುಳಿದು, ಅಂಗಾಲು ನೆಕ್ಕಿಕೊಳ್ಳುತ್ತದೆ. ಹಾಸಿಗೆ ಒರೆಸಲು ಫಿನಾಯಿಲ್ ಬೇಡ. ಸೋಪಿನ ನೀರು, ಆಮೇಲೆ ಬರಿ ನೀರು ಸಾಕು.

ಮಧುಗಿರಿ ಬೆಟ್ಟದ ಕೆಳಗೆ

ಮೇಡಂ, ಗೋಣಿಚೀಲದಲ್ಲಿ ಈ ಜಿಪ್ಪು, ಪೈಪಿಂಗ್ ಏನೂ ಇಲ್ಲ. ಕೊಳೆಯಾದರೆ ಬಿಸಾಕಿ ಇನ್ನೊಂದು. ನಿಮ್ಮ ಮಾತಿನ ಪ್ರಕಾರವೇ ನಾನು ಗೆದ್ದೆ ಅಲ್ವಾ?

ಪಶುವೈದ್ಯೆ, ಕೋಲಾರ

ಅರ್ಧ ಗೆದ್ದಿರಿ ಯಜಮಾನರೇ. ಬೂಸಾ ಚೀಲ, ರಾಗಿ ಚೀಲ ಆದರೆ ಒದರಿ, ಬಿಸಿಲಿಗೆ ಹಾಕಿ ಬಳಸಬಹುದು. ಗೊಬ್ಬರದ ಚೀಲ, ಔಷಧಿ ಹಾಕಿದ ಬಿತ್ತನೆ ಬೀಜದ ಚೀಲ ತೊಳೆದರೂ ಬೇಡ. ಹೊರಗೆ ಮಲಗುವ ನಾಯಿಗೆ ಗೋಣಿಗಿಂತ ಭತ್ತದ ಹುಲ್ಲು ಮೇಲು. ಗೋಣಿ ಒದ್ದೆಯಾದರೆ ಹಾಗೇ ತಣ್ಣಗೆ ಉಳಿಯುತ್ತದೆ. ಹುಲ್ಲಿನಲ್ಲಿ ನಾಯಿ ಗುಂಡಿ ಮಾಡಿಕೊಂಡು ಬೆಚ್ಚಗಿರುತ್ತದೆ.

ತೋಟದ ಮನೆ, ಗೌರಿಬಿದನೂರು

ಹುಲ್ಲು ಹಾಕುತ್ತೇವೆ, ಡಿಸೆಂಬರ್-ಜನವರಿಯಲ್ಲಿ ಮಾತ್ರ. ನಂದಿ ಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಬೆಳಗಿನ ಜಾವ ನಾಯಿ ನಡುಗುತ್ತದೆ. ಆದರೆ ತಿಂಗಳು ಬದಲಿಸದೆ ಬಿಟ್ಟರೆ ಇಲಿ ಬರುತ್ತದೆ, ಇಲಿ ಹಿಂದೆ ಹಾವು. ವಾರಕ್ಕೊಮ್ಮೆ ತೆಗೆದು ದನಗಳ ಕೆಳಗೆ ಹಾಕಿಬಿಡಿ.

ಪಮ್ಮಿ ಅಮ್ಮ, ಕೆಜಿಎಫ್

ನಮ್ಮ ಪಮ್ಮಿಗೆ ಹದಿಮೂರು ತುಂಬಿದೆ. ಕಣ್ಣು ಮಂಜು, ಮಲಗಿದಲ್ಲೇ ಮೂತ್ರ ಹೋಗುತ್ತದೆ. ನನ್ನ ಕಡೆಯಿಂದ ಮುದಿ ನಾಯಿ ಇರುವವರಿಗೆ ಸ್ವಲ್ಪ.

ಮೆಡಿಕಲ್ ಶಾಪ್‌ನಲ್ಲಿ ಮಲಗಿದ ರೋಗಿಗಳಿಗೆ ಹಾಸುವ ರಬ್ಬರ್ ಶೀಟ್ ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ಅದನ್ನು ಫೋಮ್‌ಗೆ ಸುತ್ತಿ, ಮೇಲೆ ಹತ್ತಿ ಬಟ್ಟೆ ಎರಡು ಮಡಿಕೆ. ಬರಿ ರಬ್ಬರ್ ಮೇಲೆ ಮಲಗಿಸಬೇಡಿ, ತೇವ ನಿಂತು ಚರ್ಮ ಕೆಡುತ್ತದೆ. ಒದ್ದೆ ಆದ ತಕ್ಷಣ ಮೇಲಿನ ಬಟ್ಟೆ ಬದಲಿಸಬೇಕು, ಇಲ್ಲದಿದ್ದರೆ ಹೊಟ್ಟೆ ಕೆಳಗೆ ಹುಣ್ಣು. ಎದ್ದು ಓಡಾಡದ ನಾಯಿಯಾದರೆ ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸಿ.

ಹಾಸಿಗೆ ಜಾಗ ಬದಲಿಸಬೇಡಿ. ಕಣ್ಣು ಕಾಣದ ಮುದುಕಿ ವಾಸನೆ, ನೆನಪು ಹಿಡಿದೇ ಅಲ್ಲಿಗೆ ಹೋಗುತ್ತಾಳೆ. ನಮ್ಮದು ಹಳೇ ಮನೆ, ಕೆಂಪು ಗಾರೆ ನೆಲ, ಜಾರುವುದಿಲ್ಲ. ಬ್ರೂನೋ ಮನೆಯವರೇ, ನಿಮ್ಮದು ಗ್ರಾನೈಟ್. ಹಾಸಿಗೆಯಿಂದ ಎದ್ದು ಇಳಿಯುವ ಜಾಗದಲ್ಲಿ ಒಂದು ರಬ್ಬರ್ ಮ್ಯಾಟ್ ಹಾಕಿ. ಎಂಥ ಒಳ್ಳೆ ಹಾಸಿಗೆ ಆದರೂ ಇಳಿಯುವಾಗ ಕಾಲು ಜಾರಿದರೆ ನಾಯಿ ಆ ಕಡೆ ಮತ್ತೆ ತಲೆ ಹಾಕುವುದಿಲ್ಲ.

ದೀಪಾವಳಿಗೆ ಮಾತ್ರ ಹಾಸಿಗೆ ಮಂಚದ ಕೆಳಗೆ ಹೋಗುತ್ತದೆ, ಮೇಲಿಂದ ಬೆಡ್‌ಶೀಟ್ ಇಳಿಬಿಡುತ್ತೇನೆ. ಈಗ ಕಿವಿ ಕೇಳುವುದಿಲ್ಲ, ಆದರೂ ಅದೇ ರೂಢಿ.

ಬ್ರೂನೋ ಮನೆ, ಕ್ಯಾತ್ಸಂದ್ರ

ಎಲ್ಲರಿಗೂ ಉತ್ತರ ಒಟ್ಟಿಗೆ ಕೊಡುತ್ತೇನೆ. ಡಾಕ್ಟರ್‌ಗೆ ತೋರಿಸಿದೆವು, ಹೈಗ್ರೋಮಾನೇ. ಚುಚ್ಚಲಿಲ್ಲ, ಹಾಸಿಗೆ ಬದಲಿಸಿ ನೋಡೋಣ ಅಂದರು. ಮಲಗಿದಾಗ ಅಳೆದೆ, ಮೂಗಿನಿಂದ ಬಾಲದ ಬುಡಕ್ಕೆ 90 ಸೆಂ.ಮೀ. ಅಲ್ಲಿಗೆ ಮೂರೂವರೆ ಅಡಿ ಲೆಕ್ಕ ಸರಿ ಹೋಯಿತು. ಕೆಳಗೆ ನಾರಿನ ತುಂಡು, ಮೇಲೆ 2 ಇಂಚು ಫೋಮ್ ಅಂತ ತೀರ್ಮಾನ ಮಾಡಿದೆವು.

ಮಜಾ ಏನು ಅಂದರೆ, ಅಂಗಡಿಯಲ್ಲಿ 40 ಡೆನ್ಸಿಟಿ ಅಂತ ಕೊಟ್ಟರು. ಪಕ್ಕದ ದಿನಸಿ ಅಂಗಡಿ ತಕ್ಕಡಿಯಲ್ಲಿ ಇಟ್ಟೆ. ಮೂರೂವರೆ, ಎರಡೂವರೆ, 2 ಇಂಚು ತುಂಡು. 1.15 ಕೆಜಿ ತೋರಿಸಿತು!

ಫೋಮ್ ವ್ಯಾಪಾರ, ತುಮಕೂರು

ಹಹ್ಹಾ. ಆ ಅಳತೆಗೆ 40 ಆದರೆ 1.65 ಕೆಜಿ ಬರಬೇಕು. ನಿಮಗೆ ಕೊಟ್ಟಿದ್ದು 28. ತಕ್ಕಡಿ ಲೆಕ್ಕ ಹೇಳಿ ವಾಪಸ್ ಕೊಡಿ, ಜಗಳ ಬೇಡ, ಬದಲಿಸಿ ಕೊಡುತ್ತಾರೆ. ಲೆಕ್ಕ ಗೊತ್ತಿರುವವರ ಹತ್ತಿರ ಯಾರೂ ವಾದ ಮಾಡುವುದಿಲ್ಲ.

ಬ್ರೂನೋ ಮನೆ, ಕ್ಯಾತ್ಸಂದ್ರ

ಬದಲಿಸಿಕೊಟ್ಟರು ಅಣ್ಣ, ಮಾತೇ ಆಡಲಿಲ್ಲ. ಈಗ ಕವರ್ ಬಟ್ಟೆ. ಮನೆಯವರು ವೆಲ್ವೆಟ್ ಅನ್ನುತ್ತಿದ್ದಾರೆ, ಸೋಫಾಗೆ ಹೊಂದುತ್ತದಂತೆ.

ಬಾಡಿಗೆ ಮನೆ, ಎಸ್.ಎಸ್. ಪುರಂ

ವೆಲ್ವೆಟ್ ಮೇಲೆ ಲ್ಯಾಬ್ ಕೂದಲು! ಅಕ್ಕನಿಗೆ ಹೇಳಿ, ಆಮೇಲೆ ಹಾಸಿಗೆ ಯಾವುದು ನಾಯಿ ಯಾವುದು ಗೊತ್ತಾಗುವುದಿಲ್ಲ.

ಫೋಮ್ ವ್ಯಾಪಾರ, ತುಮಕೂರು

ವೆಲ್ವೆಟ್ ಬೇಡ. ನಾಯಿಗಳು ಮಲಗುವ ಮುಂಚೆ ಸುತ್ತು ಹಾಕಿ ಕೆರೆಯುತ್ತವೆ, ಉಗುರಿಗೆ ಎಳೆ ಬಿಚ್ಚುತ್ತದೆ. ದಪ್ಪ ಹತ್ತಿ ಕ್ಯಾನ್ವಾಸ್ ಅಥವಾ ಜೀನ್ಸ್ ಬಟ್ಟೆ ತಗೊಳ್ಳಿ. ಹೊಲಿಸುವ ಮೊದಲೇ ಒಂದು ಸಲ ಬಿಸಿನೀರಿನಲ್ಲಿ ನೆನೆಸಿ ಒಣಗಿಸಿ. ಹತ್ತಿ ಕುಗ್ಗುತ್ತದೆ, ಆಮೇಲೆ ಫೋಮ್ ಒಳಗೆ ತುರುಕಲು ಇಬ್ಬರು ಬೇಕು. ಕವರ್ ಎರಡು ಹೊಲಿಸಿ, ಒಂದು ಒಗೆಯುವಾಗ ಒಂದು ಇರಲಿ. ಹಳೇ ಹಾಸಿಗೆ ಮೇಲಿನ ಬಟ್ಟೆ ಒಂದನ್ನು ಒಗೆಯದೆ ಹೊಸದರ ಮೇಲೆ ಹಾಸಿ, ಅವನ ವಾಸನೆ ಇದ್ದರೆ ಬೇಗ ಹತ್ತುತ್ತಾನೆ.

ಬ್ರೂನೋ ಮನೆ, ಕ್ಯಾತ್ಸಂದ್ರ

ಸರಿ. ಕೊನೆಯ ಪ್ರಶ್ನೆ, ಜಿಪ್ ಯಾವ ಕಡೆ ಇಡಿಸಲಿ? ಇವನು ಬ್ಯಾಗಿನ ಜಿಪ್ ಬಾಯಲ್ಲಿ ತೆಗೆಯುವ ಆಸಾಮಿ.

ಫೋಮ್ ವ್ಯಾಪಾರ, ತುಮಕೂರು

ಉದ್ದದ ಬದಿ ಪೂರ್ತಿ, ಎರಡೂ ತುದಿಯಲ್ಲಿ ಮೂಲೆ ತಿರುಗಿ ಅರ್ಧ ಅಡಿ ಒಳಗೆ ಹೋಗಲಿ. ಇಲ್ಲಾಂದರೆ ಫೋಮ್ ಹೊರಗೆ ಬರುವುದಿಲ್ಲ. ರನ್ನರ್ ನಿಲ್ಲುವ ಕಡೆ ಬಟ್ಟೆಯ ಸಣ್ಣ ಜೇಬು ಮಾಡಿಸಿ, ಅದರೊಳಗೆ ಮುಚ್ಚಿಕೊಳ್ಳಲಿ. ಎಳೆಯುವ ಪಟ್ಟಿ ಕಿತ್ತುಹಾಕಿಬಿಡಿ, ತೆಗೆಯಬೇಕಾದಾಗ ಸೇಫ್ಟಿ ಪಿನ್ ಸಿಕ್ಕಿಸಿಕೊಂಡರೆ ಆಯಿತು. ಜಿಪ್ ಇರುವ ಬದಿ ಗೋಡೆ ಕಡೆ ಮುಖ ಮಾಡಿ ಇಡಿ. ಮತ್ತೆ ಟೇಲರ್ ಹತ್ತಿರ ಸೋಫಾ ಕವರ್ ಅಂತ ಹೇಳಿ ಸಾರ್. ನಾಯಿಗೆ ಅಂದರೆ ಕೆಲವರು ಬಟ್ಟೆ ವಾಪಸ್ ಕೊಡುತ್ತಾರೆ, ಇನ್ನು ಕೆಲವರು ಡಬಲ್ ಕೇಳುತ್ತಾರೆ.